ಕೋಲ್ಡ್ ಫೋರ್ಕಿನ ಕೆಂಗೊರಳು

ಕೋಲ್ಡ್ ಫೋರ್ಕ್ ನದಿಯ ಮೇಲ್ದಂಡೆ, ಆಲ್ಬರ್ಟಾ
ಗುರುವಾರ, ೨೫ ಆಗಸ್ಟ್ ೨೦೧೧

ಪ್ರೀತಿಯ ಮಗಳು ಸಿಗ್ನೆಗೆ,

ಅಲ್ಲದೆ ಇನ್ನೊಂದು ಮಾತು. ನಿನ್ನೆ ನಾನು ಫೋನು ಇಟ್ಟಿದ್ದು ಸಿಟ್ಟಿನಿಂದ ಅಲ್ಲ. ಸರಿ, ಸಿಟ್ಟಿನಿಂದಲೇ ಅನ್ನು, ಆದರೆ ಒಲೆಯ ಮೇಲೆ ಆಲೂಗಡ್ಡೆಯೂ ಸೀಯುತ್ತಿತ್ತು, ಆದ್ದರಿಂದ ಅರ್ಧ ತಪ್ಪು ಆಲೂಗಡ್ಡೆಯದು. ಪಾತ್ರೆ ಉಜ್ಜುತ್ತಾ ರಾತ್ರಿಯೆಲ್ಲ ನಿನಗೆ ಉತ್ತರ ಹೇಳುತ್ತಲೇ ಇದ್ದೆ. ಎದುರಿಗೆ ನೀನಿಲ್ಲದಿದ್ದರೆ ನಾನು ಬಹಳ ಚೆನ್ನಾಗಿ ವಾದ ಮಾಡುತ್ತೇನೆ. ಉತ್ತರ ಮಾತ್ರ ನಿನ್ನೆಯದೇ: ಸಹಿ ಹಾಕುವುದಿಲ್ಲ. ನಿಮ್ಮ ಲಾರಿ ನನ್ನ ಹುಲ್ಲುಗಾವಲು ದಾಟುವುದಿಲ್ಲ.

ಮೊದಲು ಆರೋಗ್ಯ ಕೇಳಬೇಕಿತ್ತು, ಮರೆತೆ. ನಿನ್ನ ಮೊಣಕೈ ಹೇಗಿದೆ? ಕಂಪ್ಯೂಟರಿನ ಮುಂದೆ ಕೂತು ಬಂದ ನೋವಿಗೆ ಡಾಕ್ಟರು ವ್ಯಾಯಾಮ ಹೇಳಿದ್ದಾರೆ ಎಂದೆಯಲ್ಲ, ಬೆಳಿಗ್ಗೆ ಒಂದು ಗಂಟೆ ಗಾಳದ ಕೋಲು ಬೀಸಿದ್ದರೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಎಡ್ಮಂಟನ್ನಿನಲ್ಲಿ ಸೆಕೆ ಇನ್ನೂ ಇದೆಯೆ? ಇಲ್ಲಿ ಹಗಲು ಬಿಸಿಲು, ಸಂಜೆಯಾಗುತ್ತಲೇ ಸ್ವೆಟರು. ನನ್ನ ಸೊಂಟ ಏಳುವಾಗ ಒಂದು ಸಲ, ಕೂರುವಾಗ ಒಂದು ಸಲ ದೂರು ಹೇಳುತ್ತದೆ. ನಡುವೆ ಸುಮ್ಮನಿರುತ್ತದೆ. ಎಪ್ಪತ್ತೇಳಕ್ಕೆ ಅಷ್ಟು ಮರ್ಯಾದೆ ಸಾಕು. ಊಟ ಮಾಡುತ್ತಿದ್ದೇನೆ. ಗಡ್ಡ ಮಾತ್ರ ಭಾನುವಾರಕ್ಕೊಮ್ಮೆ.

ನಿಮ್ಮ ಕಛೇರಿಯ ಕಾಗದ ಮೂರು ಸಲ ಓದಿದೆ. ಕೃಷಿ ಕಾಲೇಜಿನ ಎರಡು ಚಳಿಗಾಲದಲ್ಲಿ ಕಲಿತ ದೊಡ್ಡ ಇಂಗ್ಲಿಷಿನಲ್ಲಿ ನನಗೆ ಉಳಿದಿರುವುದು 'ಹಿಯರ್‌ಬೈ', 'ವೇರ್‌ಆಸ್' ತರಹದ ನಾಲ್ಕಾರು ಶಬ್ದ, ಅವುಗಳ ಅರ್ಥವೂ ಪೂರ್ತಿ ಉಳಿದಿಲ್ಲ. ಮನೆಯಲ್ಲಿ ನಮ್ಮದು ಡೇನಿಶ್, ದನಗಳ ಹತ್ತಿರ ಬರೀ ಬೈಗುಳ, ಅಂಥ ಇಂಗ್ಲಿಷು ಬೇಕಾಗಿದ್ದು ಪರೀಕ್ಷೆಗೆ ಮಾತ್ರ. ಮಿಸ್ ಪ್ರೆಂಟಿಸ್ ಎಂಬ ಅಧ್ಯಾಪಕಿ, ಪತ್ರದ ಮುಖ್ಯ ವಿಷಯ ಮೊದಲ ವಾಕ್ಯದಲ್ಲೇ ಬರಬೇಕು ಎಂದು ಮೇಜು ಕುಟ್ಟಿ ಹೇಳುತ್ತಿದ್ದರು. ನಾನು ಕೊನೆಯಲ್ಲೇ ಬರೆಯುತ್ತಿದ್ದೆ. ಪಾಸಿಗೆ ಬೇಕಾದಷ್ಟೇ ಅಂಕ ಕೊಟ್ಟು ಸಾಗಹಾಕಿದರು. ನಿಮ್ಮ ಕಾಗದದಲ್ಲಿ ಎಲ್ಲಿಯೂ ವಿಷ ಎಂಬ ಶಬ್ದವಿಲ್ಲ. 'ಸಂಸ್ಕರಣೆ' ಎಂದಿದೆ. ಸೆಪ್ಟೆಂಬರ್ ಇಪ್ಪತ್ತರಂದು ಕಲ್ಲುಮೆಟ್ಟಿಲಿನ ಜಲಪಾತದಿಂದ ಮೇಲಕ್ಕೆ ಆರು ಮೈಲಿ ನದಿಯ ಸಂಸ್ಕರಣೆ, ಆಮೇಲೆ ಎರಡು ವರ್ಷ ಬಿಟ್ಟು ಮೂಲ ತಳಿಯ ಮರಿಗಳ ಬಿಡುಗಡೆ, ಭೂಮಾಲೀಕರ ಒಪ್ಪಿಗೆ ಹತ್ತನೇ ತಾರೀಕಿನೊಳಗೆ. ಕೆಳಗೆ ನಿನ್ನ ಹೆಸರು. ಎಸ್. ಬೆಂಟ್ಸನ್, ಹಿರಿಯ ಜೀವವಿಜ್ಞಾನಿ. ನನ್ನ ಹೆಸರಿಗೆ ಖಾಲಿ ಗೆರೆ. ಅಪ್ಪ ಮಗಳು ಒಂದೇ ಹಾಳೆಯಲ್ಲಿ ಇಷ್ಟು ಹತ್ತಿರ ಬಂದದ್ದು ನಿನ್ನ ಶಾಲೆಯ ಪ್ರಗತಿಪತ್ರದ ನಂತರ ಇದೇ ಮೊದಲು.

ಆ ಕಾಗದ ತಂದ ನಿಮ್ಮ ಕಛೇರಿಯ ಲೈಲ್ ಒಳ್ಳೆಯ ಮನುಷ್ಯ, ಅವನನ್ನು ಬೈಯಬೇಡ. ಐವತ್ತು ದಾಟಿದ ಗಂಡಸು, ಬೂಟು ಬಾಗಿಲಲ್ಲೇ ಬಿಚ್ಚಿ ಒಳಗೆ ಬಂದ. ರುಬಾರ್ಬ್ ಕೇಕು ಎರಡು ತುಂಡು ತಿಂದ. ಆಮೇಲೆ ನಕ್ಷೆ ಹಾಸಿದ.

"ಬರೀ ಹದಿನೆಂಟು ಗಂಟೆ ಕೆಲ್ಸ ಬೆಂಟ್ಸನ್ ಅವ್ರೇ. ಗಿಡದ ಬೇರಿಂದ ತೆಗ್ದಿರೋ ಔಷ್ಧಿ. ದನಕ್ಕೇನೂ ಆಗಲ್ಲ, ನಿಮಗೂ ಏನೂ ಆಗಲ್ಲ."

"ಮೀನಿಗೆ?"

"ಮೀನಿಗೆ... ಅದಕ್ಕೇ ಅಲ್ವ್ರಾ ಹಾಕೋದು."

"ಉಸಿರು ಕಟ್ಟಿ ಸಾಯತ್ತೆ ಅಲ್ವಾ?"

"ಬೇಗ ಆಗೋಗತ್ತೆ ಸಾರ್. ಕೆಳಗಡೆ ಜಲಪಾತದ ಹತ್ರ ಔಷ್ಧಿ ಮುರಿಯೋ ನೇರಳೆ ಬಣ್ಣದ ಪುಡಿ ಸುರೀತೀವಿ, ಅಲ್ಲಿಂದಾಚೆ ನೀರು ಶುದ್ಧ."

"ನಿಮ್ಮ ಸಾಹೇಬ್ರು ಯಾಕೆ ಬರ್ಲಿಲ್ಲ? ಈ ಮನೇ ದಾರಿ ಅವಳಿಗೆ ನಕ್ಷೆ ಇಲ್ದೇ ಗೊತ್ತು."

ಪಾಪ, ಅವನು ಕೇಕು ಬಹಳ ಚೆನ್ನಾಗಿದೆ ಎಂದ. ಸ್ವಂತ ಮನೆಯವರ ಸಹಿ ತಾನೇ ಪಡೆಯುವುದು ನಿಯಮಕ್ಕೆ ವಿರುದ್ಧ ಎಂದು ನೀನು ನಿನ್ನೆ ಹೇಳಿದೆ. ಇರಬಹುದು. ಹಾಗಾದರೆ ಸಮುದಾಯ ಭವನದಲ್ಲಿ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಊರಿಗೆಲ್ಲ ವಿವರಿಸಿದೆಯಲ್ಲ, ಆಗ ಮೂರನೇ ಸಾಲಿನಲ್ಲಿದ್ದ ನನ್ನ ಕಡೆಗೆ ಒಂದು ಸಲವೂ ನೋಡದಿರುವುದು ಯಾವ ನಿಯಮ? ಕಂದು ಟ್ರೌಟ್ ಈ ನಾಡಿನ ಮೀನಲ್ಲ, ಹೊರಗಿನಿಂದ ಬಂದು ಇಲ್ಲಿಯದನ್ನು ತಿಂದು ಮುಗಿಸಿತು ಎಂದೆ. ನಾವೂ ಹೊರಗಿನಿಂದ ಬಂದವರೇ ಎಂದು ನಾನು ಎದ್ದು ಹೇಳಬೇಕೆಂದಿದ್ದೆ, ಅಷ್ಟರಲ್ಲಿ ಪಕ್ಕದಲ್ಲಿದ್ದ ಒರೆಸ್ಟ್ ಕೋಟು ಹಿಡಿದು ಜಗ್ಗಿದ. ಬೇಲಿಯಾಚೆಯ ಒರೆಸ್ಟ್ ಡ್ಮಿಟ್ರುಕ್ ನನ್ನನ್ನು ಸುಮ್ಮನಿರಿಸಿದ್ದು ಅದೊಂದೇ ಸಲ. ಹೊರಗೆ ಬಂದ ಮೇಲೆ ಶುರು ಮಾಡಿದ.

"ಏನಯ್ಯಾ ಆಕ್ಸೆಲ್, ಮಗಳನ್ನ ಅಷ್ಟು ಓದ್ಸಿದ್ದು ನೀನೇ ಅಲ್ವಾ? ಅನುಭವ್ಸು ಈಗ. ನನ್ನ ಮಗ ನೋಡು, ಎಂಟನೇ ಕ್ಲಾಸಿಗೇ ಬಿಟ್ಟ, ಒಂದು ಕಪ್ಪೇಗೂ ತೊಂದ್ರೆ ಕೊಟ್ಟಿಲ್ಲ."

"ಬಾಯ್ಮುಚ್ಚೋ."

"ನಿನಗ್ಯಾಕೆ ಸಂಕಟ ಅಂತ? ಹಿಡಿಯೋದು, ಮುದ್ದಾಡೋದು, ವಾಪಸ್ಸು ಬಿಡೋದು. ಒಂದು ದಿನಾನಾದ್ರೂ ತಿಂದಿದೀಯಾ? ಆ ಮೀನುಗಳಿಗೆ ನಿನ್ನ ಮೀಸೆ ನೋಡಿ ನೋಡಿ ಬೇಜಾರಾಗಿದೆ, ತಾವೇ ಅರ್ಜಿ ಹಾಕಿರ್ಬೇಕು ವಿಷ ಕೊಡಿ ಅಂತ."

ನಕ್ಕೆ. ನಗಬಾರದಿತ್ತು. ಅವನ ಮಾತು ಸುಳ್ಳಲ್ಲ. ಎಂಬತ್ತನೇ ಇಸವಿಯ ಬರದಲ್ಲಿ ನದಿ ಹಳ್ಳದಂತಾಗಿ, ಮೀನೆಲ್ಲ ಎರಡು ಮಡುವಿನಲ್ಲಿ ಒತ್ತಿಕೊಂಡು ನಿಂತಿದ್ದಾಗ, ನಿನ್ನಮ್ಮ ನನ್ನ ಕೈಯಿಂದ ಮೀನಿನ ಬುಟ್ಟಿ ಕಿತ್ತುಕೊಂಡು ಕೊಟ್ಟಿಗೆಯ ಮೊಳೆಗೆ ನೇತುಹಾಕಿದಳು. "ಇನ್ನು ನಮ್ಮನೇಲಿ ಇದರ ಜೀವ ತೆಗೆಯೋ ಹಾಗಿಲ್ಲ" ಅಂದಳು. ನಾನು ಆಗಲಿ ಅಂದೆ. ಹಿಡಿದದ್ದನ್ನು ಗಾಯವಾಗದಂತೆ ಬಿಡಲೆಂದು ಅವತ್ತೇ ಇಕ್ಕಳದಿಂದ ಎಲ್ಲ ಗಾಳಗಳ ಹಿಮ್ಮುಳ್ಳು ಒತ್ತಿ ಚಪ್ಪಟೆ ಮಾಡಿದೆ. ಅಂದಿನಿಂದ ಇಂದಿನವರೆಗೆ ಮೂವತ್ತೊಂದು ವರ್ಷ. ನಿನಗೆ ಆಗ ಒಂಬತ್ತು, ಶುಕ್ರವಾರದ ಹುರಿದ ಮೀನು ನಿಂತುಹೋಯಿತೆಂದು ಒಂದು ವಾರ ಮುಖ ಊದಿಸಿಕೊಂಡಿದ್ದೆ.

ಈ ಮೀನು ಇಲ್ಲಿಗೆ ಬಂದ ಕಥೆ ನಿನಗೆ ಗೊತ್ತು, ಆದರೆ ನಮ್ಮ ಮನೆಯಲ್ಲಿ ಅದನ್ನು ಹೇಳುತ್ತಿದ್ದುದು ನಗುವುದಕ್ಕೆ. ಈಗ ನೆಟ್ಟಗೆ ಬರೆಯುತ್ತೇನೆ. ಐವತ್ತೆಂಟರ ಮೇ ತಿಂಗಳು, ಮದುವೆಯಾಗಿ ಹನ್ನೊಂದು ದಿನ. ಜಲಪಾತದ ಕೆಳಗೆ ನಿನ್ನ ಅಜ್ಜನ, ಎಂದರೆ ನಿನ್ನಮ್ಮನ ಅಪ್ಪನ ಜಮೀನು. ಅಲ್ಲಿ ಕಂದು ಟ್ರೌಟ್ ಇದ್ದವು, ಇಲ್ಲಿ ಮೇಲೆ ಇರಲಿಲ್ಲ, ಆ ಕಲ್ಲುಮೆಟ್ಟಿಲು ಹತ್ತಲು ಯಾವ ಮೀನಿಗೂ ಆಗದು. ಮೇಲೆ ಇದ್ದದ್ದು ಕತ್ತಿನಡಿ ಕೆಂಪು ಗೀರಿನ ಇಲ್ಲಿಯ ಮೀನು, ಕೆಂಗೊರಳು. ಅಜ್ಜ ಅದನ್ನು ಪೆದ್ದುಮೀನು ಎನ್ನುತ್ತಿದ್ದರು. ಏನು ಎಸೆದರೂ ಬಾಯಿ ಹಾಕುತ್ತದೆ, ಬಿಟ್ಟರೆ ಮತ್ತೆ ಅದೇ ಗಾಳಕ್ಕೆ ಬರುತ್ತದೆ, ಅದನ್ನು ಹಿಡಿಯುವುದರಲ್ಲಿ ಏನು ಹೆಚ್ಚುಗಾರಿಕೆ? ಡೆನ್ಮಾರ್ಕಿನ ಹೊಳೆಯಲ್ಲಿ ಅವರು ಬಾಲ್ಯದಲ್ಲಿ ಹಿಡಿದದ್ದು ಕಂದು ಟ್ರೌಟ್. ಅದು ಅನುಮಾನದ ಮೀನು, ನೆರಳು ಕಂಡರೆ ಓಡುವ ಮೀನು, ಅದೇ ಮರ್ಯಾದಸ್ಥ ಮೀನು. ಮಗಳನ್ನು ಮರ್ಯಾದೆಯಿಲ್ಲದ ಮೀನಿನ ನದಿಗೆ ಕೊಟ್ಟೆನಲ್ಲ ಎಂದು ಮದುವೆಯ ಊಟದಲ್ಲೇ ಅಂದರು. ಅದಕ್ಕೆ ನಾನೂ ನಿನ್ನಮ್ಮನೂ ಎರಡು ಹಾಲಿನ ಕ್ಯಾನಿನಲ್ಲಿ ಆ ಕಂದು ಮೀನು ತುಂಬಿ, ಒದ್ದೆ ಗೋಣಿ ಸುತ್ತಿ, ನನ್ನ ಅಪ್ಪನ ಟ್ರಕ್ಕಿನ ಹಿಂದೆ ಇಟ್ಟು ಬೆಟ್ಟ ಸುತ್ತಿ ಮೇಲೆ ತಂದೆವು. ನೀರಿಗೆ ಗಾಳಿ ಸೇರಲೆಂದು ನಿನ್ನಮ್ಮ ಟ್ರಕ್ಕಿನ ಹಿಂದೆ ನಿಂತು, ದಾರಿಯುದ್ದಕ್ಕೂ ಸೌಟಿನಿಂದ ನೀರನ್ನು ಎತ್ತಿ ಎತ್ತಿ ಸುರಿದಳು. ಸೊಂಟದವರೆಗೆ ಒದ್ದೆ. "ನಿಧಾನ ಹೋಗೋ ಪುಣ್ಯಾತ್ಮ, ಇವಕ್ಕೆ ವಾಂತಿ ಬರತ್ತೆ" ಎಂದು ಕೂಗುತ್ತಿದ್ದಳು. ನಲವತ್ತು ಮೀನಿನಲ್ಲಿ ಒಂದೂ ಸಾಯಲಿಲ್ಲ. ನದಿಗೆ ಬಿಟ್ಟಾಗ ಅವು ಒಂದು ಕ್ಷಣ ಅವಳ ಕಾಲಿನ ಸುತ್ತಲೇ ನಿಂತಿದ್ದವು.

ನಿನ್ನ ಪರದೆಯ ಮೇಲಿನ ಚಿತ್ರದಲ್ಲಿ ಅದಕ್ಕೆ 'ಅನಧಿಕೃತ ಬಿಡುಗಡೆ, ಸುಮಾರು ೧೯೬೦' ಎಂದಿತ್ತು. ಅಷ್ಟೇ. ಆ ಅನಧಿಕೃತದಲ್ಲಿ ಒಂದು ಸೌಟು ಇತ್ತು ಎಂದು ನಿನಗೆ ಗೊತ್ತಿದ್ದೂ ಹಾಗೆ ಬರೆದೆ. ಸುಮಾರು ಅಲ್ಲ. ಮೇ ಹದಿನೆಂಟು, ಐವತ್ತೆಂಟು.

ಅವಳು ನನಗಿಂತ ಚೆನ್ನಾಗಿ ಗಾಳ ಹಾಕುತ್ತಿದ್ದಳು, ಅದೂ ನಿನಗೆ ಗೊತ್ತು. ಇಲ್ಲಿಯ ಗಾಳಿಗೆ ನಾನು ಕೋಲು ತಲೆಯ ಮೇಲಿಂದ ಬೀಸಿ, ನನ್ನ ಕಿವಿಗೇ ಗಾಳ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದೆ. ಅವಳು ಮಂಡಿ ಬಗ್ಗಿಸಿ, ಹುಲ್ಲಿನ ಮಟ್ಟದಲ್ಲಿ, ಮಗ್ಗುಲಿನಿಂದ ಬೀಸುತ್ತಿದ್ದಳು. ದಾರ ಗಾಳಿಯ ಕೆಳಗೆ ನುಸುಳಿ ಹೋಗುತ್ತಿತ್ತು. ಗಾಳಕ್ಕೆ ಜಿಂಕೆಯ ಕೂದಲು ಕಟ್ಟಿ ಮಾಡಿದ ಮಿಡತೆ, ದಂಡೆಯ ಹುಲ್ಲಿನಿಂದ ನಿಜದ ಮಿಡತೆ ಜಾರಿ ಬಿದ್ದ ಹಾಗೆ ನೀರಿಗೆ ಬೀಳುತ್ತಿತ್ತು. ಕೊನೆಯ ವರ್ಷ ಕೈಯಲ್ಲಿ ಬಲವಿಲ್ಲದಾಗಲೂ ಮಡಚುಕುರ್ಚಿ ಹಾಕಿಸಿಕೊಂಡು ದಂಡೆಯಲ್ಲಿ ಕೂತು ನನಗೆ ಆಜ್ಞೆ ಕೊಡುತ್ತಿದ್ದಳು. "ಎಡಕ್ಕೆ. ಇನ್ನೂ ಎಡಕ್ಕೆ. ಅಯ್ಯೋ, ಅದು ಬಲ ಕಣೋ!" ಈಗ ಮೂರು ಬೇಸಿಗೆಯಿಂದ ನಾನೇ ಆಜ್ಞೆ ಕೊಟ್ಟುಕೊಳ್ಳುತ್ತೇನೆ, ನಾನೇ ಬಲಕ್ಕೆ ಹಾಕುತ್ತೇನೆ.

ಸರಿ. ಈಗ ಮಂಗಳವಾರದ ವಿಷಯ. ನಿನ್ನೆ ಫೋನಿನಲ್ಲಿ ಹೇಳಬೇಕೆಂದೇ ಇದ್ದೆ, ನೀನು 'ಅಂಕಿಅಂಶ' ಎಂದಕೂಡಲೇ ಸಿಟ್ಟು ಬಂತು, ಆಮೇಲೆ ಆಲೂಗಡ್ಡೆ.

ಮಂಗಳವಾರ ಬೆಳಿಗ್ಗೆ ನಾನು ಹೋದದ್ದು ಹಟದಿಂದ. ಮೇಲಿನ ಆರು ಮೈಲಿಯಲ್ಲಿ ಕೆಂಗೊರಳು ಒಂದೂ ಉಳಿದಿಲ್ಲ ಎಂದು ನಿಮ್ಮ ವರದಿಯೇ ಹೇಳುತ್ತದೆ. ನನ್ನ ವಾದವೂ ಅದೇ ಆಗಿತ್ತು. ನದಿಯ ಮೂಲ ಮನೆಯವರು ಹೋಗಿ ಅರ್ಧ ಶತಮಾನವಾಯಿತು, ಈಗ ಅಲ್ಲಿರುವವರನ್ನು ಕೊಂದು ಯಾರಿಗೆ ನ್ಯಾಯ? ಅಲ್ಲಿಯ ಕಂದು ಮೀನುಗಳ ಫೋಟೋ ತೆಗೆದು ಪತ್ರಿಕೆಗೆ ಕಳಿಸಬೇಕು, ನಿನ್ನ ಮೇಲಧಿಕಾರಿಗೂ ಕಳಿಸಬೇಕು, ನಿನಗೆ ನಾಚಿಕೆಯಾಗಬೇಕು, ಇದು ನನ್ನ ಯೋಜನೆ. ಹೌದು, ನಿನಗೆ ನಾಚಿಕೆಯಾಗಲಿ ಎಂದೇ ಹೊರಟೆ. ಬರೆದುಬಿಟ್ಟೆ, ಅಳಿಸುವುದಿಲ್ಲ.

ಪೂರ್ವದ ಮುಳ್ಳುತಂತಿ ಬೇಲಿ ದಾಟಿ, ಹಳೆಯ ಕಾಟನ್‌ವುಡ್ ಮರ ಬಿದ್ದಿರುವ ತಿರುವಿನವರೆಗೆ ನಡೆದೆ. ಗಾಳಿ ಆಗಲೇ ಎದ್ದಿತ್ತು, ಮಿಡತೆಗಳು ಪ್ಯಾಂಟಿಗೆ ಸಿಡಿಯುತ್ತಿದ್ದವು. ಮೂರು ಒಳ್ಳೆಯ ಕಂದು ಮೀನು ಸಿಕ್ಕವು, ಫೋಟೋ ತೆಗೆದೆ, ಮೂರರಲ್ಲೂ ನನ್ನ ಹೆಬ್ಬೆರಳೇ ದೊಡ್ಡದಾಗಿ ಬಂದಿದೆ. ತಿರುವಿನ ಆಚೆ, ಎಡದಂಡೆಯ ವಿಲೋ ಪೊದೆಗಳ ಒಳಗಿನಿಂದ ಒಂದು ಊಟೆಯ ನೀರು ಬಂದು ನದಿಗೆ ಸೇರುತ್ತದೆ. ಎರಡಡಿ ಅಗಲವಿಲ್ಲ. ದನಗಳು ಅದನ್ನು ಗಮನಿಸದೆ ದಾಟುತ್ತವೆ, ನಾನೂ ಹಾಗೇ ದಾಟಿದ್ದೇನೆ, ಐವತ್ಮೂರು ವರ್ಷ. ಆವತ್ತು ಸೊಂಟ ಹಿಡಿದುಕೊಂಡಿತು. ಕೂರಲು ಜಾಗ ಹುಡುಕುತ್ತಾ ಪೊದೆಯೊಳಗೆ ನುಗ್ಗಿದೆ. ಒಳಗೆ ಬೀವರ್‌ಗಳು ಕೊಂಬೆ ಕಡಿದು ತಂದು ಕಟ್ಟಿದ ಒಡ್ಡು. ಹಳೆಯದು, ಮೇಲೆ ಹುಲ್ಲು ಬೆಳೆದು ದಿಬ್ಬವಾಗಿದೆ, ನನ್ನ ಎದೆಯೆತ್ತರ. ಅದರ ಹಿಂದೆ ನಮ್ಮ ಅಡುಗೆಮನೆಯಷ್ಟು ಅಗಲದ ನೀರು, ಕೈ ಇಟ್ಟರೆ ಬೆರಳು ಮರಗಟ್ಟುವಷ್ಟು ತಣ್ಣಗೆ.

ಕೂತೇ ದಾರ ಬಿಟ್ಟೆ. ಬಿಟ್ಟೆ ಎನ್ನುವುದಕ್ಕಿಂತ ಬಿತ್ತು ಎನ್ನಬೇಕು. ಮಿಡತೆ ಹೊಟ್ಟೆ ಮೇಲಾಗಿ, ಯಾವ ಮರ್ಯಾದಸ್ಥ ಮೀನೂ ನೋಡದ ಹಾಗೆ ತೇಲುತ್ತಿತ್ತು. ಒಂದು ಮೀನು ನೇರವಾಗಿ ಬಂದು ಬಾಯಿ ಹಾಕಿತು. ಗಾಳದಿಂದ ತಪ್ಪಿಸಿಕೊಂಡಿತು. ಅದೇ ಮೀನು ಮತ್ತೆ ಬಂತು. ಆಗಲೇ ನನಗೆ ಅನುಮಾನ ಬಂತು ಸಿಗ್ನೆ, ಯಾಕೆಂದರೆ ಕಂದು ಮೀನು ಎರಡನೇ ಸಲ ಬರುವುದಿಲ್ಲ. ಕೈಗೆ ತೆಗೆದುಕೊಂಡೆ. ಒಂದು ಗೇಣು. ಬಾಲದ ಕಡೆ ಚುಕ್ಕೆ ಒತ್ತೊತ್ತಾಗಿ. ದವಡೆಯ ಕೆಳಗೆ, ಯಾರೋ ಕುಂಚದಿಂದ ಎರಡು ಗೀರು ಎಳೆದ ಹಾಗೆ, ಕೆಂಪು.

ಇನ್ನೂ ನಾಲ್ಕು ಹಿಡಿದೆ. ನಾಲ್ಕಕ್ಕೂ ಕೆಂಪು. ಕೊನೆಯದು ಬಹುಶಃ ಮೊದಲನೆಯದೇ ಇರಬೇಕು, ಅಷ್ಟು ಪೆದ್ದು. ಒಡ್ಡಿನ ಮೇಲೆ ಕೂತು, ಒದ್ದೆ ಕೈ ತೊಡೆಗೆ ಒರೆಸಿಕೊಂಡು, ಅಜ್ಜನನ್ನು ಬೈದೆ. ಆಮೇಲೆ ನನ್ನನ್ನು. ಏನು ಎಸೆದರೂ ನಂಬುವ ಮೀನಿನ ಮನೆಗೆ, ನಂಬದ ಮೀನನ್ನು ತಂದು ಬಿಟ್ಟು, ಅದು ಬಲು ಜಾಣ ಎಂದು ಹೊಗಳುತ್ತಾ ಇಷ್ಟು ವರ್ಷ ಕಳೆದೆವು. ಈ ಒಡ್ಡೊಂದು ಅಡ್ಡ ಇರದಿದ್ದರೆ ಇವೂ ಇರುತ್ತಿರಲಿಲ್ಲ. ನಿನ್ನಮ್ಮನಿಗೆ ತೋರಿಸಬೇಕಿತ್ತು. ಅವಳು ಏನು ಹೇಳುತ್ತಿದ್ದಳೋ ನನಗೆ ಗೊತ್ತಿಲ್ಲ. ಐವತ್ತು ವರ್ಷ ಜೊತೆಗಿದ್ದೂ ಇದೊಂದಕ್ಕೆ ಅವಳ ಉತ್ತರ ಊಹಿಸಲಾಗುತ್ತಿಲ್ಲ, ಅದೇ ಎರಡು ದಿನದಿಂದ ಕೊರೆಯುತ್ತಿದೆ.

ಇದನ್ನು ಓದಿ ನೀನು ಗೆದ್ದೆ ಅಂದುಕೊಳ್ಳಬೇಡ. ನಾನು ಮನೆಗೆ ಬಂದು ಲೈಲ್ ಬಿಟ್ಟುಹೋದ ನಕ್ಷೆ ಬಿಡಿಸಿ, ಭೂತಗನ್ನಡಿ ಹಿಡಿದು ಹುಡುಕಿದೆ. ನಿಮ್ಮ ನಕ್ಷೆಯಲ್ಲಿ ಆ ಊಟೆ ಇಲ್ಲ. ನೀಲಿ ಗೆರೆ ಇಲ್ಲ, ಚುಕ್ಕೆಯೂ ಇಲ್ಲ. ಇನ್ನು ನಿಮ್ಮವರು ವಿಷದ ಡ್ರಮ್ಮು ಹಿಡಿದು ತಿರುವಿನವರೆಗೆ ಬಂದು, "ಓ ಇಲ್ಲೂ ನೀರಿದೆಯಲ್ಲ" ಎಂದು ಯಾರಾದರೂ ನಿಯತ್ತಿನ ಕೆಲಸಗಾರ ಎರಡು ಚೊಂಬು ಒಳಗೂ ಸುರಿದರೆ? ನೀವು ಹುಡುಕುತ್ತಿರುವುದನ್ನು ನೀವೇ ಕೊಂದು, ಎರಡು ವರ್ಷದ ನಂತರ ಯಾವುದೋ ತೊಟ್ಟಿಯಲ್ಲಿ ಬೆಳೆದ ಮರಿ ತಂದು ಬಿಡುತ್ತೀರಿ. ಇದೂ ಹಾಲಿನ ಕ್ಯಾನೇ, ಸ್ವಲ್ಪ ದೊಡ್ಡದು. ನಾನು ಒಂದು ಸಲ ಯೋಚಿಸದೆ ನದಿಗೆ ಸುರಿದವನು. ಎರಡನೇ ಸಲ, ಅದೂ ಸಹಿ ಹಾಕಿ, ಸುರಿಸುವುದಿಲ್ಲ. ಕೋರ್ಟಿಗೆ ಕರೆಸು. ಹೊಸ ಬೂಟು ಹಾಕಿಕೊಂಡು ಬರುತ್ತೇನೆ.

ನೀನು ಈಗ ಏನು ಹೇಳುತ್ತೀ ಎಂದೂ ಗೊತ್ತು. "ಅಪ್ಪಾ, ಒಂದು ದೊಡ್ಡ ಮಳೆಗೆ ಆ ಒಡ್ಡು ಕೊಚ್ಚಿ ಹೋಗುತ್ತೆ, ಆಮೇಲೆ ಅವನ್ನ ಯಾರು ಕಾಯ್ತಾರೆ?" ಹೌದು, ಕೊಚ್ಚಿ ಹೋಗಬಹುದು. ಒಡ್ಡಿನ ಕೆಳಗೇ ದಪ್ಪ ಕಂದು ಮೀನುಗಳು ಬಾಗಿಲು ಕಾಯುವವರ ಹಾಗೆ ನಿಂತಿವೆ, ಕಣ್ಣಾರೆ ಕಂಡೆ. ಅಕ್ಟೋಬರಿನಲ್ಲಿ ಅವು ಅಲ್ಲೇ ಜಲ್ಲಿಕಲ್ಲಿನಲ್ಲಿ ಮೊಟ್ಟೆಯಿಡುತ್ತವೆ. ನೀನು ಹೇಳುವುದು ಸುಳ್ಳೆಂದು ನಾನು ಎಂದೂ ಹೇಳಲಿಲ್ಲ. ನೀನು ಮಾಡಹೊರಟಿರುವ ರೀತಿ ಬೇಡ ಎನ್ನುತ್ತಿದ್ದೇನೆ. ದೂರದಲ್ಲಿ ನಿಂತು, ಕೈಗವಸು ಹಾಕಿಕೊಂಡು, ಯಾವುದು ಸತ್ತಿತು ಎಂದು ನೋಡದೆ...

ಅಯ್ಯೋ, ಹಾಳೆಯ ಗೆರೆಗಳೇ ಕಾಣುತ್ತಿಲ್ಲ. ಕಿಟಕಿಯಾಚೆ ಬೆಳಕು ಇಳಿದುಬಿಟ್ಟಿದೆ, ದೀಪ ಹಾಕಲು ಎದ್ದರೆ ಮತ್ತೆ ಕೂರಲು ಸೊಂಟ ಒಪ್ಪದು. ಒರೆಸ್ಟ್ ನಿನ್ನ ಕ್ಷೇಮ ಕೇಳಿದ, ಬೈಗುಳ ಸೇರಿಸಿ. ಮೊಣಕೈ ಜೋಪಾನ. ತಣ್ಣೀರು ಕುಡಿಯಬೇಡ ಎನ್ನಲು ನಾನು ನಿನ್ನಮ್ಮನಲ್ಲ, ಆದರೂ ಕುಡಿಯಬೇಡ. ನಿನ್ನ ಮೇಲೆ ಸಿಟ್ಟಿದೆ, ಅದು ಬೇರೆ ಲೆಕ್ಕ. ನಿನಗೆ ಒಳ್ಳೆಯದಾಗಲಿ, ಅದು ಎಂದೂ ಬದಲಾಗದು.

ನಿನ್ನ ಅಪ್ಪ,
ಆಕ್ಸೆಲ್ ಬೆಂಟ್ಸನ್

ಮರೆತ ಮಾತು: ಇವತ್ತು ಬೆಳಿಗ್ಗೆ ಮತ್ತೆ ಆ ತಿರುವಿಗೆ ಹೋಗಿದ್ದೆ. ಒಡ್ಡಿನ ಕೆಳಗಿನ ಕಂದು ಮೀನುಗಳನ್ನು ಒಂದೊಂದಾಗಿ ಹಿಡಿದು, ಒಂದೊಂದರ ಮುಖ ನೋಡಿ, ನನ್ನ ಕೈಯಿಂದಲೇ ತಲೆಗೆ ಹೊಡೆದು ಕೊಂದೆ. ಏಳು. ಮೊದಲನೆಯದನ್ನು ಎರಡು ಸಲ ಹೊಡೆಯಬೇಕಾಯಿತು, ಏಳನೆಯದನ್ನೂ. ನದಿ ಹೆಪ್ಪುಗಟ್ಟುವವರೆಗೆ ದಿನಾ ಹೋಗುತ್ತೇನೆ, ಬರುವ ವರ್ಷವೂ. ಆರು ಮೈಲಿ ನದಿ ನನ್ನಿಂದ ಖಾಲಿಯಾಗದು, ಗೊತ್ತು, ಆ ಬಾಗಿಲಾದರೂ ಕಾಯುತ್ತೇನೆ. ಒಬ್ಬರಿಗೆ ದಿನಕ್ಕೆ ಇಷ್ಟೇ ಮೀನು ಎಂಬ ನಿಮ್ಮ ಕಛೇರಿಯ ನಿಯಮ ಮುರಿದಿದ್ದೇನೆ, ನಾಳೆಯೂ ಮುರಿಯುತ್ತೇನೆ, ಬಚ್ಚಿಡುವುದಿಲ್ಲ. ಶನಿವಾರ ಬಾ. ದಂಡ ಬರೆಯುವ ಪುಸ್ತಕ ತಂದರೂ ಸರಿ, ನಿನ್ನ ಗಾಳದ ಕೋಲು ತಂದರೂ ಸರಿ. ನಡೆದು ಬರುವವರಿಗೆ ನನ್ನ ಹುಲ್ಲುಗಾವಲಿನಲ್ಲಿ ಸಹಿ ಬೇಕಿಲ್ಲ. ಬರುವಾಗ ಬೆಣ್ಣೆ ತಾ, ಎರಡು ಪೌಂಡಾದರೂ. ಮನೆಯಲ್ಲಿದ್ದದ್ದು ಎರಡೇ ಮೀನು ಹುರಿಯುವಷ್ಟರಲ್ಲಿ ಮುಗಿಯಿತು.